ಹಾಡುವ ಕೊರಳು, ಆಡುವ ಮೈ: ಗುಬ್ಬಿ ಕಂಪನಿಯಿಂದ ಬಿ. ಜಯಶ್ರೀ ಅವರವರೆಗೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ನಾಟಕಾಭಿರುಚಿ ಎರಡು ದಿಕ್ಕುಗಳಿಂದ ಬಂದು ಕೂಡಿಕೊಂಡದ್ದು ಎಂದರೆ ತಪ್ಪಾಗದು. ಪಶ್ಚಿಮಕ್ಕೆ ಗೌರಿಬಿದನೂರಿನ ಗಡಿ ದಾಟಿ ತುಮಕೂರು ಸೀಮೆಯೊಳಕ್ಕೆ ಹೋದರೆ 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘದ ಊರು ಸಿಗುತ್ತದೆ. ಪೂರ್ವಕ್ಕೆ ಚಿಂತಾಮಣಿಯನ್ನು ಹಿಂದಿಕ್ಕಿ ತೆಲುಗು ನಾಡಿನೊಳಕ್ಕೆ ಸಾಗಿದರೆ, 1885ರಲ್ಲಿ ಒಂದು ಕುಟುಂಬವೇ ನಾಟಕ ಕಂಪನಿಯಾಗಿ ಬೆಳೆದ ಕಡಪ ಜಿಲ್ಲೆಯ ಸುರಭಿ ಗ್ರಾಮ ಸಿಗುತ್ತದೆ. ಒಂದು ಕನ್ನಡದ್ದು, ಇನ್ನೊಂದು ತೆಲುಗಿನದು. ಆದರೆ ಎರಡೂ ಕಂಪನಿಗಳಿಗೆ ಸಮಾನವಾದ ಎರಡು ಲಕ್ಷಣಗಳಿದ್ದವು. ಮಾತಿನಷ್ಟೇ, ಒಮ್ಮೊಮ್ಮೆ ಮಾತಿಗಿಂತಲೂ ಹೆಚ್ಚಾಗಿ, ಹಾಡಿನ ಮೇಲೆ ನಾಟಕವನ್ನು ನಿಲ್ಲಿಸುವುದು ಒಂದು. ಗಂಡಸರು ಸೀರೆಯುಟ್ಟು ಸ್ತ್ರೀಪಾತ್ರ ಮಾಡುತ್ತಿದ್ದ ಕಾಲದಲ್ಲಿ ಹೆಂಗಸರನ್ನೇ ರಂಗದ ಮೇಲೆ ತಂದು ಹಾಡಿಸಿದ್ದು ಇನ್ನೊಂದು. ಕನ್ನಡವೂ ತೆಲುಗೂ ಒಂದೇ ಮನೆಯಲ್ಲಿ ಬಳಕೆಯಾಗುವ ಈ ಸೀಮೆಯ ಪ್ರೇಕ್ಷಕರು, ನಟಿ ಎಂದರೆ ಹಾಡಲು ಬಲ್ಲವಳು ಎಂಬ ನಂಬಿಕೆಯನ್ನು ಎರಡೂ ಕಡೆಯಿಂದ ಪಡೆದುಕೊಂಡರು.

ಆ ನಂಬಿಕೆಯನ್ನು ಮುಂದೆ ಚಲನಚಿತ್ರ ಒಡೆಯಿತು. ಕೊರಳು ಒಬ್ಬರದು, ಮುಖ ಇನ್ನೊಬ್ಬರದು ಎಂಬ ಹೊಸ ವ್ಯವಸ್ಥೆ ಬಂದ ಮೇಲೆ ಹಾಡುವ ನಟಿ ಎಂಬ ಕಲಾವಿದೆ ಕನ್ನಡದಲ್ಲಿ ಅಪರೂಪವಾದಳು. ಆ ಒಡಕಿನ ಎರಡೂ ಬದಿಗಳಲ್ಲಿ ಬಾಳಿದ, ಗುಬ್ಬಿ ಕಂಪನಿಯ ಒಡೆಯರಾಗಿದ್ದ ಗುಬ್ಬಿ ವೀರಣ್ಣನವರ ಮೊಮ್ಮಗಳಾದ ರಂಗನಟಿ ಬಿ. ಜಯಶ್ರೀ ಅವರ ವೃತ್ತಿಜೀವನವನ್ನು ಅವರಿಗೆ ಸಂದ ಪ್ರಶಸ್ತಿಗಳ ಪಟ್ಟಿಯಿಂದ ಅಳೆಯುವುದಕ್ಕಿಂತ, ಈ ಒಡಕಿನ ಚರಿತ್ರೆಯೊಳಗೆ ಇಟ್ಟು ನೋಡಿದಾಗ ಅದರ ಅರ್ಥ ಹೆಚ್ಚು ಸ್ಪಷ್ಟವಾಗುತ್ತದೆ.

ಕಂಪನಿ ನಾಟಕದ ಹಾಡು ಹೇಗೆ ಹುಟ್ಟುತ್ತಿತ್ತು ಎಂಬುದನ್ನು ಮೊದಲು ತಿಳಿಯಬೇಕು. ಕಂಪನಿಯೊಂದಕ್ಕೆ ಒಬ್ಬ ಕವಿ ಇರುತ್ತಿದ್ದರು. ಪುರಾಣದ ಅಥವಾ ಜನಪದ ಕಥೆಯ ಒಂದು ಪ್ರಸಂಗವನ್ನು ಹಿಡಿದು ಮಾತು, ಕಂದಪದ್ಯ, ವೃತ್ತ ಮತ್ತು ಹಾಡುಗಳನ್ನು ಹೆಣೆದುಕೊಡುವುದು ಅವರ ಕೆಲಸ. ಗುಬ್ಬಿ ಕಂಪನಿಗೆ ಬೆಳ್ಳಾವೆ ನರಹರಿ ಶಾಸ್ತ್ರಿಗಳು ಇಂಥ ಕವಿಯಾಗಿದ್ದರು, ‘ಸದಾರಮೆ’ ಅವರದೇ ರಚನೆ. 1934ರಲ್ಲಿ ತೆರೆಗೆ ಬಂದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೆ ಮಾತು, ಹಾಡುಗಳನ್ನು ಬರೆದವರೂ ಅವರೇ. ಆದರೆ ಹಾಡಿನ ಧಾಟಿ ಅನೇಕ ವೇಳೆ ಹೊಸದಾಗಿರುತ್ತಿರಲಿಲ್ಲ. ಪಾರ್ಸಿ ಕಂಪನಿಗಳ ಉರ್ದು ನಾಟಕಗಳಿಂದಲೋ ಮರಾಠಿ ನಾಟ್ಯಸಂಗೀತದಿಂದಲೋ ಕರ್ನಾಟಕ ಸಂಗೀತದ ಒಂದು ಜನಪ್ರಿಯ ಕೃತಿಯಿಂದಲೋ ಎತ್ತಿಕೊಂಡ ಧಾಟಿಗೆ ಕವಿ ಕನ್ನಡದ ಮಾತುಗಳನ್ನು ಕೂಡಿಸುತ್ತಿದ್ದರು. ಹೀಗೆ ಮಾದರಿಯಾಗಿ ಇಟ್ಟುಕೊಂಡ ಧಾಟಿಗೆ ‘ಮಟ್ಟು’ ಎಂದು ಹೆಸರು. ಹಳೆಯ ನಾಟಕದ ಪುಸ್ತಕಗಳಲ್ಲಿ ಹಾಡಿನ ತಲೆಯ ಮೇಲೆ, ಇದು ಇಂಥ ಹಾಡಿನ ಮಟ್ಟು ಎಂದು ಅಚ್ಚು ಹಾಕಿಸುವ ಪದ್ಧತಿಯಿತ್ತು.

ಅಂದರೆ ಮಾತು ಕವಿಯದು, ಧಾಟಿ ಎಲ್ಲಿಂದಲೋ ಬಂದದ್ದು. ಹಾಗಿದ್ದೂ ಹಾಡು ಯಾರದು ಎಂದು ಕೇಳಿದರೆ ಪ್ರೇಕ್ಷಕರು ನಟ ಅಥವಾ ನಟಿಯ ಹೆಸರನ್ನೇ ಹೇಳುತ್ತಿದ್ದರು, ಮತ್ತು ಅದರಲ್ಲಿ ನ್ಯಾಯವಿತ್ತು. ಧ್ವನಿವರ್ಧಕಗಳಿಲ್ಲದ ಕಾಲದಲ್ಲಿ, ಸಾವಿರ ಜನ ಕೂತ ತಗಡಿನ ಥಿಯೇಟರಿನಲ್ಲಿ, ನೆಲದ ಮೇಲೆ ಕೂತ ಕೊನೆಯ ಸಾಲಿನವನಿಗೂ ಪದ ಪದವೂ ಕೇಳುವಂತೆ ಏರುಶ್ರುತಿಯಲ್ಲಿ ಹಾಡಬೇಕಿತ್ತು. ರಂಗದ ಪಕ್ಕದಲ್ಲಿ ಕಾಲಿನಿಂದ ತಿದಿಯೊತ್ತುವ ಹಾರ್ಮೋನಿಯಮ್ಮಿನ ಮುಂದೆ ಕೂತ ಮೇಷ್ಟ್ರು ಮಾತು ಮುಗಿಯುವ ಹೊತ್ತಿಗೆ ಸರಿಯಾಗಿ ಶ್ರುತಿ ಕೊಡುತ್ತಿದ್ದರು. ಮಾತಿನ ಕೊನೆಯ ಅಕ್ಷರವನ್ನೇ ಹಾಡಿನ ಮೊದಲ ಸ್ವರವಾಗಿ ತಿರುಗಿಸಿ, ಕಣ್ಣೀರಿನ ದೃಶ್ಯವಾದರೆ ಕಣ್ಣೀರನ್ನು ಬಿಡದೆ, ಜಗಳದ ದೃಶ್ಯವಾದರೆ ಜಗಳದ ಬಿಸಿ ಆರದಂತೆ ಹಾಡಿಗೆ ಇಳಿಯುವುದು ನಟಿಯ ಸಾಮರ್ಥ್ಯಕ್ಕೆ ಪರೀಕ್ಷೆಯಾಗಿತ್ತು. ಹಾಡು ಹಿಡಿಸಿದರೆ ಸಭೆಯಿಂದ ‘ಒನ್ಸ್ ಮೋರ್’ ಎಂಬ ಕೂಗು ಏಳುತ್ತಿತ್ತು, ಆಗ ಸತ್ತುಬಿದ್ದ ಪಾತ್ರವೂ ಎದ್ದು ಕೂತು ಇನ್ನೊಮ್ಮೆ ಹಾಡಿ ಸಾಯಬೇಕಾಗುತ್ತಿತ್ತು ಎಂಬುದು ವೃತ್ತಿರಂಗಭೂಮಿಯವರೇ ನಗುತ್ತ ಹೇಳಿಕೊಂಡು ಬಂದಿರುವ ಮಾತು. ಎರಡನೆಯ ಬಾರಿ ಹಾಡುವಾಗ ಅದೇ ಸಾಲನ್ನು ಬೇರೆ ಬಗೆಯಲ್ಲಿ ಬೆಳೆಸುವುದು, ಒಂದು ಪದವನ್ನು ಹಿಡಿದು ನಾಲ್ಕು ಭಾವಗಳಲ್ಲಿ ತಿರುಗಿಸುವುದು, ಇವೆಲ್ಲ ಕವಿಯ ಹಸ್ತಪ್ರತಿಯಲ್ಲಿ ಇಲ್ಲದ ರಚನೆಗಳು. ಬರೆಹಕ್ಕೆ ಇಳಿಯದ ಈ ಕೆಲಸವನ್ನೂ ಹಾಡಿನ ರಚನೆಯೆಂದೇ ಎಣಿಸಬೇಕು.

ಗುಬ್ಬಿ ಕಂಪನಿಯಲ್ಲಿ ಈ ವಿದ್ಯೆಯ ಮೇಲ್ಮಟ್ಟವನ್ನು ಮುಟ್ಟಿದವರಲ್ಲಿ ಬಿ. ಜಯಮ್ಮ ಪ್ರಮುಖರು. 1915ರಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಕಂಪನಿಗೆ ಬಂದು, ಮುಂದೆ ವೀರಣ್ಣನವರನ್ನು ಮದುವೆಯಾದ ಜಯಮ್ಮನವರು ರಂಗದ ಮೇಲೂ ತೆರೆಯ ಮೇಲೂ ತಮ್ಮದೇ ಧ್ವನಿಯಲ್ಲಿ ಹಾಡಿದ ನಟಿ. 1942ರ ‘ಜೀವನ ನಾಟಕ’, 1945ರ ‘ಹೇಮರೆಡ್ಡಿ ಮಲ್ಲಮ್ಮ’, 1953ರ ‘ಗುಣಸಾಗರಿ’ ಚಿತ್ರಗಳು ಅವರ ಹೆಸರಿನೊಂದಿಗೆ ಸೇರಿಕೊಂಡಿವೆ. 1945ರಲ್ಲೇ ಬಿ. ಎನ್. ರೆಡ್ಡಿ ಅವರು ನಿರ್ದೇಶಿಸಿದ ತೆಲುಗಿನ ‘ಸ್ವರ್ಗಸೀಮ’ದಲ್ಲಿ ಅವರು ಗೃಹಿಣಿಯ ಪಾತ್ರ ವಹಿಸಿದರು, ಅದೇ ಚಿತ್ರದಲ್ಲಿ ಆ ಗೃಹಿಣಿಯ ಗಂಡನನ್ನು ಸೆಳೆದುಕೊಳ್ಳುವ ನಾಟಕದ ನಟಿಯಾಗಿ ಹಾಡಿ ಹೆಸರಾದವರು ಪಿ. ಭಾನುಮತಿ. ಚಿಂತಾಮಣಿಯ ಕಡೆಯ ಹಿರಿಯರಿಗೆ ಭಾನುಮತಿಯವರನ್ನು ಪರಿಚಯಿಸಬೇಕಾಗಿಲ್ಲ. ನಟಿ, ಗಾಯಕಿ, ಸಂಗೀತ ನಿರ್ದೇಶಕಿ, ನಿರ್ಮಾಪಕಿ, ನಿರ್ದೇಶಕಿ, ‘ಅತ್ತಗಾರಿ ಕಥಲು’ ಎಂಬ ಹಾಸ್ಯಕಥೆಗಳ ಲೇಖಕಿ ಎಲ್ಲವೂ ಆಗಿದ್ದ ಅವರು, ಹಿನ್ನೆಲೆ ಗಾಯನ ಎಲ್ಲೆಡೆ ಹಬ್ಬಿದ ಮೇಲೂ ತಮ್ಮ ಪಾತ್ರಕ್ಕೆ ತಾವೇ ಹಾಡುವುದನ್ನು ಬಿಡಲಿಲ್ಲ. ಹಾಡುವ, ಬರೆಯುವ, ಅಭಿನಯಿಸುವ ಮೂರೂ ಶಕ್ತಿಗಳು ದಕ್ಷಿಣ ಭಾರತದಲ್ಲಿ ಒಬ್ಬರಲ್ಲೇ ನೆಲೆಸಿದ್ದಕ್ಕೆ ಅವರಿಗಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಉತ್ತರ ಕರ್ನಾಟಕದಲ್ಲಿ ಇದೇ ಬಗೆಯ ಇನ್ನೊಂದು ಪ್ರತಿಭೆ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ. ನಾಟಕದ ವಾತಾವರಣದಲ್ಲಿ ಬೆಳೆದು ಮುಂಬಯಿಗೆ ಹೋಗಿ, ಹಿಂದಿ ಚಿತ್ರಗಳಲ್ಲಿ ನಟಿಸುತ್ತ ಹಾಡುತ್ತ, 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದ ಅವರು, 1948ರ ‘ಶಹಬಾಜ್’ ಚಿತ್ರಕ್ಕೆ ಸಂಗೀತವನ್ನೂ ನೀಡಿದರು. ರಹಮತ್ ತರೀಕೆರೆ ಅವರು ಅವರ ಬದುಕನ್ನು ಕುರಿತು ಕನ್ನಡದಲ್ಲಿ ಪುಸ್ತಕ ಬರೆಯುವವರೆಗೆ ಕನ್ನಡಿಗರೇ ಅವರನ್ನು ಹೆಚ್ಚುಕಡಿಮೆ ಮರೆತಿದ್ದರು.

ಚಲನಚಿತ್ರದ ಮೊದಲ ವರ್ಷಗಳಲ್ಲಿ ನಟರ ಧ್ವನಿಯನ್ನು ಚಿತ್ರೀಕರಣದ ಹೊತ್ತಿನಲ್ಲೇ ಮುದ್ರಿಸಿಕೊಳ್ಳುತ್ತಿದ್ದುದರಿಂದ, ಹಾಡಲು ಬಾರದವರಿಗೆ ನಾಯಕ ನಾಯಕಿಯರ ಪಾತ್ರ ಸಿಗುವಂತಿರಲಿಲ್ಲ; ಆದ್ದರಿಂದಲೇ ಆ ಚಿತ್ರಗಳ ತಾರೆಯರು ಬಹುಪಾಲು ನಾಟಕ ಕಂಪನಿಗಳಿಂದ ಬಂದವರು. ಹಾಡನ್ನು ಮೊದಲೇ ಧ್ವನಿಮುದ್ರಿಸಿ, ಚಿತ್ರೀಕರಣದಲ್ಲಿ ಅದಕ್ಕೆ ತುಟಿ ಆಡಿಸುವ ಹಿನ್ನೆಲೆ ಗಾಯನದ ವಿಧಾನ 1940ರ ದಶಕದಿಂದ ಬೇರೂರಿದ ಮೇಲೆ ಎರಡು ವೃತ್ತಿಗಳು ಬೇರೆ ಬೇರೆಯಾದವು. ಮುಂದಿನ ದಶಕಗಳಲ್ಲಿ ಕನ್ನಡದ ನಾಯಕಿಯರ ಕೊರಳಾದವರು ಪಿ. ಸುಶೀಲ, ಎಸ್. ಜಾನಕಿ ಅವರಂಥ ಗಾಯಕಿಯರು. ಇಬ್ಬರೂ ಆಂಧ್ರದಲ್ಲಿ ಹುಟ್ಟಿದವರು, ಇಬ್ಬರ ಕನ್ನಡದ ಉಚ್ಚಾರವೂ ಕನ್ನಡಿಗರು ತಲೆದೂಗುವಂಥದು. ಇದರಿಂದ ಚಿತ್ರಸಂಗೀತಕ್ಕೆ ಆದ ಲಾಭ ದೊಡ್ಡದು, ಅದನ್ನು ಅಲ್ಲಗಳೆಯುವ ಕಾರಣವಿಲ್ಲ. ನಷ್ಟವಾದದ್ದು ನಟಿಗೆ. ಹಾಡು ಕೈಬಿಟ್ಟದ್ದಷ್ಟೇ ಅಲ್ಲದೆ, ಪರಭಾಷೆಯ ನಟಿಯರು ಕನ್ನಡ ಚಿತ್ರಗಳಿಗೆ ಬರತೊಡಗಿದ ಮೇಲೆ ಮಾತೂ ಕೈಬಿಟ್ಟಿತು.

ಇದೇ ಸಂಗತಿಯನ್ನು ಫ್ರಾನ್ಸಿನ ಒಂದು ಚಿತ್ರ ಕಥೆಯಾಗಿಯೇ ಹೇಳಿದೆ. ಜಯಮ್ಮನವರು ಹುಟ್ಟಿದ 1915ರಲ್ಲೇ ಪ್ಯಾರಿಸ್ಸಿನಲ್ಲಿ ಹುಟ್ಟಿದ ಎಡಿತ್ ಪಿಯಾಫ್, ಬೀದಿಯಲ್ಲಿ ದೊಂಬರಾಟ ಆಡುತ್ತಿದ್ದ ತಂದೆಯ ಜೊತೆಗೆ ಬೆಳೆದು, ಬೀದಿಯಲ್ಲೇ ಹಾಡಲು ಕಲಿತು, ಕೊನೆಗೆ ಫ್ರೆಂಚ್ ಭಾಷೆಯ ಅತ್ಯಂತ ಪ್ರಸಿದ್ಧ ಗಾಯಕಿಯಾದವರು. ‘ಲಾ ವಿ ಆನ್ ರೋಜ್’ ಎಂಬ ಲೋಕಪ್ರಸಿದ್ಧ ಹಾಡಿನ ಮಾತುಗಳನ್ನು ಬರೆದವರೂ ಅವರೇ. ಜಾನ್ ಕಾಕ್ತೊ ಎಂಬ ಕವಿ 1940ರಲ್ಲಿ ಅವರಿಗಾಗಿಯೇ ಒಂದು ಚಿಕ್ಕ ನಾಟಕವನ್ನೂ ರಚಿಸಿದ್ದರು. 1946ರಲ್ಲಿ ಮಾರ್ಸೆಲ್ ಬ್ಲಿಸ್ಟೆನ್ ನಿರ್ದೇಶಿಸಿದ ‘ಎತ್ವಾಲ್ ಸಾನ್ ಲ್ಯುಮಿಯೆರ್’, ಎಂದರೆ ಬೆಳಕಿಲ್ಲದ ತಾರೆ, ಎಂಬ ಚಿತ್ರದಲ್ಲಿ ಅವರು ಮನೆಗೆಲಸದ ಹುಡುಗಿಯ ಪಾತ್ರ ವಹಿಸಿದರು. ಮೂಕಿ ಚಿತ್ರಗಳ ತಾರೆಯೊಬ್ಬಳು ವಾಕ್ಚಿತ್ರಗಳ ಕಾಲ ಬಂದಾಗ ಹಾಡಲಾರದೆ ಕಂಗಾಲಾಗುತ್ತಾಳೆ. ಆಕೆಯ ಮುಖಕ್ಕೆ ಈ ಹುಡುಗಿಯ ಧ್ವನಿಯನ್ನು ಗುಟ್ಟಾಗಿ ಜೋಡಿಸುತ್ತಾರೆ. ಕೀರ್ತಿಯೆಲ್ಲ ಮುಖಕ್ಕೆ ಹೋಗುತ್ತದೆ. ಕನ್ನಡ ಚಿತ್ರರಂಗದಲ್ಲಿ ಈ ಜೋಡಣೆ ಗುಟ್ಟಿನದಾಗಿರಲಿಲ್ಲ, ಮೋಸದ್ದೂ ಆಗಿರಲಿಲ್ಲ, ಆದರೆ ಕೀರ್ತಿಯ ಹಂಚಿಕೆ ಮಾತ್ರ ಹೆಚ್ಚು ಬೇರೆಯಾಗಿರಲಿಲ್ಲ.

ಜಯಶ್ರೀ ಅವರು ಹುಟ್ಟಿದ್ದು 1950ರಲ್ಲಿ, ಬೆಂಗಳೂರಿನಲ್ಲಿ. ತಾಯಿ ಜಿ. ವಿ. ಮಾಲತಮ್ಮನವರು ವೀರಣ್ಣನವರ ಮಗಳು, ಸ್ವತಃ ಕಂಪನಿಯ ನಟಿ. ವೀರಣ್ಣನವರು ಆ ಹೊತ್ತಿಗೆ ಕನ್ನಡ ರಂಗಭೂಮಿಯ ದಂತಕಥೆಯಾಗಿದ್ದರು. ‘ಸದಾರಮೆ’ಯ ಕಳ್ಳನ ಪಾತ್ರದಿಂದ ಮನೆಮಾತಾಗಿದ್ದ, ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದಿದ್ದ, 1954ರಲ್ಲಿ ‘ಬೇಡರ ಕಣ್ಣಪ್ಪ’ದ ಮೂಲಕ ರಾಜಕುಮಾರ್ ಅವರನ್ನು ಚಿತ್ರನಾಯಕನನ್ನಾಗಿಸಿದ ನಿರ್ಮಾಣದಲ್ಲಿ ಪಾಲುದಾರರಾಗಿದ್ದ ಅಜ್ಜನ ಕಂಪನಿಯಲ್ಲಿ ಬಾಲ್ಯದಲ್ಲೇ ಬಣ್ಣ ಹಚ್ಚಿದ ಹುಡುಗಿಗೆ ನಾಟಕ ಎಂಬುದು ಕಲಿಯಬೇಕಾದ ವಿದ್ಯೆಯಾಗಿರದೆ ಮನೆಯ ಮಾತೇ ಆಗಿತ್ತು. ಬಣ್ಣದ ಕೋಣೆ, ಪರದೆ, ಹಾರ್ಮೋನಿಯಂ ಮೇಷ್ಟ್ರ ಪಾಠ, ಊರಿಂದೂರಿಗೆ ಸಾಮಾನು ಕಟ್ಟಿಕೊಂಡು ಹೋಗುವ ಕ್ಯಾಂಪುಗಳು, ಇವುಗಳ ನಡುವೆ ನೂರಾರು ರಂಗಗೀತೆಗಳು ಪುಸ್ತಕದ ಹಂಗಿಲ್ಲದೆ ಕಿವಿಯಿಂದ ಕೊರಳಿಗೆ ಇಳಿದವು.

ಇಷ್ಟಾದರೂ ಅವರು ಅಲ್ಲಿಗೇ ನಿಲ್ಲಲಿಲ್ಲ ಎಂಬುದು ಗಮನಿಸಬೇಕಾದ ಅಂಶ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಸೇರಿ 1973ರಲ್ಲಿ ಪದವಿ ಪಡೆದರು. ಆಗ ಶಾಲೆಯ ನಿರ್ದೇಶಕರಾಗಿದ್ದ ಇಬ್ರಾಹಿಂ ಅಲ್ಕಾಜಿ ಅವರ ಶಿಕ್ಷಣ ಕ್ರಮಕ್ಕೂ ಕಂಪನಿಯ ರೀತಿಗೂ ಅಜಗಜಾಂತರ: ಅಲ್ಲಿ ನಾಟಕದ ಪಠ್ಯವನ್ನು ವಿಶ್ಲೇಷಿಸುವುದು, ಬೆಳಕು ಮತ್ತು ರಂಗಸಜ್ಜಿಕೆಯನ್ನು ಲೆಕ್ಕ ಹಾಕಿ ಯೋಜಿಸುವುದು, ಗ್ರೀಕ್ ದುರಂತ ನಾಟಕಗಳಿಂದ ಹಿಡಿದು ಹೊಸ ಭಾರತೀಯ ನಾಟಕಗಳವರೆಗೆ ಎಲ್ಲವನ್ನೂ ಶಿಸ್ತಿನಿಂದ ಅಭ್ಯಾಸ ಮಾಡುವುದು ಮುಖ್ಯ, ಒನ್ಸ್ ಮೋರ್‌ಗೆ ಅಲ್ಲಿ ಜಾಗವಿರಲಿಲ್ಲ. ಆ ಕಾಲದ ಹವ್ಯಾಸಿ ರಂಗಭೂಮಿಯವರಲ್ಲಿ, ಎಂದರೆ ನಾಟಕವನ್ನು ಹೊಟ್ಟೆಪಾಡಾಗಿ ಅಲ್ಲದೆ ಕಲೆಯ ಆಸಕ್ತಿಯಿಂದ ಮಾಡುತ್ತಿದ್ದ ನಗರದ ವಿದ್ಯಾವಂತ ತಂಡಗಳವರಲ್ಲಿ, ಕಂಪನಿ ನಾಟಕವೆಂದರೆ ಒಂದು ಬಗೆಯ ತಾತ್ಸಾರವೂ ಇತ್ತು. ಬಾಲ್ಯದಲ್ಲಿ ಗುಬ್ಬಿ ಕಂಪನಿಯಲ್ಲಿದ್ದು ಮುಂದೆ ಅದೇ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿದ್ದ ಬಿ. ವಿ. ಕಾರಂತರು ಆ ತಾತ್ಸಾರವನ್ನು ತಮ್ಮ ರಂಗಸಂಗೀತದಿಂದ ಕರಗಿಸಿದರು; ಹಾಡು ನಾಟಕವನ್ನು ತಡೆಯುವ ಅಲಂಕಾರವಲ್ಲ, ನಾಟಕವನ್ನು ನಡೆಸುವ ಕ್ರಿಯೆ ಎಂದು ತೋರಿಸಿದರು. ಕಾರಂತರು ಸಂಗೀತ ಸಂಯೋಜಕರಾಗಿ ಮಾಡಿದ್ದನ್ನು ಜಯಶ್ರೀ ಅವರು ಹಾಡುವ ನಟಿಯಾಗಿ ಮಾಡಿದರು ಎನ್ನಬಹುದು.

1976ರಲ್ಲಿ ಅವರು ಬೆಂಗಳೂರಿನಲ್ಲಿ ‘ಸ್ಪಂದನ’ ಎಂಬ ತಂಡವನ್ನು ಕಟ್ಟಿದರು. ಈ ತಂಡದ ಮೂಲಕ ಬಂದ ‘ಲಕ್ಷಾಪತಿ ರಾಜನ ಕಥೆ’ ಮತ್ತು ಚಂದ್ರಶೇಖರ ಕಂಬಾರರ ಕಾದಂಬರಿಯನ್ನು ಆಧರಿಸಿದ ‘ಕರಿಮಾಯಿ’ ಅವರ ನಿರ್ದೇಶನದ ಹೆಗ್ಗುರುತುಗಳು. ‘ಕರಿಮಾಯಿ’ ಕಾದಂಬರಿಯ ಶಿವಾಪುರ ಎಂಬ ಊರಿನಲ್ಲಿ ದೇವಿಯ ಕಥೆ, ಗೌಡಿಕೆಯ ಕಥೆ, ಹೊಸ ಕಾಲದ ದುಡ್ಡು ಮತ್ತು ಚುನಾವಣೆ ತಂದ ಕಲಹದ ಕಥೆ ಎಲ್ಲ ಹೆಣೆದುಕೊಂಡಿರುವುದರಿಂದ, ಅದನ್ನು ಮಾತಿನ ನಾಟಕವಾಗಿ ಹಿಂಡಿದರೆ ಸಾರವೇ ಉಳಿಯುವುದಿಲ್ಲ. ಊರಿಗೆ ಊರೇ ಹಾಡುತ್ತ ಕುಣಿಯುತ್ತ ಕಥೆಯನ್ನು ಹೊತ್ತುಕೊಂಡು ಹೋಗಬೇಕಾಗುತ್ತದೆ. ಇಂಥಲ್ಲಿ ಕಂಪನಿಯ ಏರುದನಿಯೂ ಜಾನಪದದ ಒರಟುತನವೂ ನಾಟಕ ಶಾಲೆಯ ಶಿಸ್ತೂ ಒಂದೇ ಕಡೆ ಬೇಕಾಗುತ್ತವೆ, ಮತ್ತು ಆ ಮೂರೂ ಸಿದ್ಧವಾಗಿದ್ದ ನಿರ್ದೇಶಕರು ಅಂದು ಕನ್ನಡದಲ್ಲಿ ಹೆಚ್ಚಿರಲಿಲ್ಲ. ಅಜ್ಜನ ಕಂಪನಿಯ ‘ಸದಾರಮೆ’ಯನ್ನೂ ಅವರು ಹೊಸ ಪ್ರೇಕ್ಷಕರ ಮುಂದೆ ತಂದರು. ಹಳೆಯ ನಾಟಕವೊಂದನ್ನು ಮತ್ತೆ ಆಡುವಾಗ ಮಾತನ್ನು ಅಚ್ಚಾದ ಪುಸ್ತಕದಿಂದ ತೆಗೆದುಕೊಳ್ಳಬಹುದು. ಹಾಡುಗಳಿಗೆ ಸ್ವರಲಿಪಿ ಇಲ್ಲದಿರುವುದರಿಂದ ಅವುಗಳ ಧಾಟಿ, ಗಮಕ, ಎಲ್ಲಿ ಉಸಿರು ನಿಲ್ಲಿಸಿ ಎಲ್ಲಿ ಪದ ಒಡೆಯಬೇಕೆಂಬ ಲೆಕ್ಕ ಇವೆಲ್ಲ ಕೇಳಿ ಕಲಿತವರ ನೆನಪಿನಿಂದಲೇ ಬರಬೇಕು. ಕಂಪನಿಯ ಕೊನೆಯ ತಲೆಮಾರಿನ ಮಗುವಾಗಿದ್ದ ನಟಿಯ ಕೊರಳಲ್ಲಿ ಅವು ಉಳಿದಿದ್ದವು. ಅವರ ಧ್ವನಿಯೂ ಇದಕ್ಕೆ ಒದಗಿಬಂದಿತು: ಚಿತ್ರಗೀತೆಗಳು ಒಗ್ಗಿಸಿದ ತೆಳುವಾದ, ನಯವಾದ ಹೆಣ್ಣುದನಿಗೆ ವಿರುದ್ಧವಾದ, ಎದೆಯಿಂದ ಎದ್ದು ಬರುವ, ತುಸು ಗಡುಸಾದ, ಮೈದಾನವನ್ನು ತುಂಬುವ ದನಿ ಅದು.

ಇದೇ ದನಿ ಹಲವು ವರ್ಷ ಬೇರೆಯವರ ಮುಖದ ಹಿಂದೆ ಕೆಲಸ ಮಾಡಿತು ಎಂಬುದು ಅವರ ವೃತ್ತಿಜೀವನದ ಅತ್ಯಂತ ಕುತೂಹಲದ ಅಧ್ಯಾಯ. ಮಾಧವಿ, ಗಾಯತ್ರಿ, ಜಯಪ್ರದ, ಅಂಬಿಕ, ಸುಮಲತ ಮೊದಲಾದ ನಟಿಯರಿಗೆ ಕನ್ನಡ ಚಿತ್ರಗಳಲ್ಲಿ ಮಾತಾಗಿ ಒದಗಿದವರಲ್ಲಿ ಜಯಶ್ರೀ ಅವರು ಒಬ್ಬರು. ಕಂಠದಾನ ಎಂದು ಕನ್ನಡದಲ್ಲಿ ಕರೆಯುವ ಈ ಡಬ್ಬಿಂಗ್ ಕೆಲಸ ಹೊರಗಿನವರಿಗೆ ಸುಲಭವಾಗಿ ಕಾಣುತ್ತದೆ. ಕಂಪ್ಯೂಟರ್ ಬರುವುದಕ್ಕೆ ಮುಂಚೆ, ಚಿತ್ರದ ರೀಲನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಮಾಡಿ, ಪ್ರತಿ ತುಂಡಿನ ಎರಡು ತುದಿಗಳನ್ನು ಕೂಡಿಸಿ, ‘ಲೂಪ್’ ಎಂದು ಕರೆಯುವ ಆ ಸುರುಳಿಯನ್ನು ಪರದೆಯ ಮೇಲೆ ಮತ್ತೆ ಮತ್ತೆ ಓಡಿಸುತ್ತಿದ್ದರು. ಕಲಾವಿದೆ ಕತ್ತಲ ಕೋಣೆಯಲ್ಲಿ ಮೈಕಿನ ಮುಂದೆ ನಿಂತು, ನಟಿಯ ತುಟಿ ಯಾವಾಗ ತೆರೆಯುತ್ತದೆ, ಎಲ್ಲಿ ಮುಚ್ಚುತ್ತದೆ, ನಡುವೆ ಎಷ್ಟು ಉಸಿರು ತೆಗೆದುಕೊಳ್ಳುತ್ತಾಳೆ ಎಂಬುದನ್ನು ಕಣ್ಣಲ್ಲಿ ಹಿಡಿದು, ಅದೇ ಅಳತೆಯೊಳಗೆ ಅಳು, ನಗು, ಬಿಕ್ಕಳಿಕೆ, ನಿಟ್ಟುಸಿರುಗಳನ್ನೆಲ್ಲ ತುಂಬಬೇಕಾಗಿತ್ತು. ಅಭಿನಯವೆಲ್ಲ ಇಲ್ಲಿ ಕೊರಳೊಂದರಲ್ಲೇ ನಡೆಯಬೇಕು. ಕೈ, ಕಣ್ಣು, ನಡಿಗೆ ಯಾವುದೂ ನೆರವಿಗೆ ಬರುವುದಿಲ್ಲ. ಕಂಪನಿ ರಂಗದಲ್ಲಿ ಕೊನೆಯ ಸಾಲಿಗೆ ಮುಟ್ಟುವಂತೆ ದನಿಯನ್ನು ಎಸೆಯುವುದನ್ನು ಕಲಿತವರು ಮೈಕಿನಿಂದ ಗೇಣುದೂರದಲ್ಲಿ ಪಿಸುಮಾತಾಡುವುದನ್ನು ಬೇರೆಯಾಗಿ ಕಲಿಯಬೇಕು, ಮತ್ತು ಅದನ್ನೂ ಇನ್ನೊಬ್ಬರ ಉಸಿರಿನ ಲಯಕ್ಕೆ ಹೊಂದಿಸಬೇಕು. ಜಯಶ್ರೀ ಅವರನ್ನು ಕುರಿತ ಪರಿಚಯ ಲೇಖನಗಳು ಈ ಕೆಲಸವನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುವುದು ರೂಢಿ. ಕನ್ನಡ ಬಾರದ ನಟಿಯರನ್ನು ಕನ್ನಡದ ಹೆಣ್ಣುಮಕ್ಕಳಂತೆ ಪ್ರೇಕ್ಷಕರು ಒಪ್ಪಿಕೊಂಡದ್ದರಲ್ಲಿ ಇಂಥ ಕಂಠಗಳ ಪಾಲು ಎಷ್ಟೆಂದು ಅಳೆಯಲು ಚಲನಚಿತ್ರ ಚರಿತ್ರಕಾರರು ಇನ್ನೂ ಮನಸ್ಸು ಮಾಡಿಲ್ಲ.

ಅವರು ತಾವೇ ತೆರೆಯ ಮೇಲೆ ಬಂದ ಪಾತ್ರಗಳೂ ಇವೆ. ಗಿರೀಶ ಕಾರ್ನಾಡರ ನಾಟಕವನ್ನು ಆಧರಿಸಿ ಟಿ. ಎಸ್. ನಾಗಾಭರಣ ಅವರು 1997ರಲ್ಲಿ ನಿರ್ದೇಶಿಸಿದ ‘ನಾಗಮಂಡಲ’ದಲ್ಲಿ, ಗಂಡನ ಪ್ರೀತಿಗೆ ಹಂಬಲಿಸುವ ರಾಣಿಗೆ ವಶೀಕರಣದ ಬೇರು ಕೊಡುವ ಕುರುಡವ್ವನಾಗಿ ಅವರು ಕಾಣಿಸಿಕೊಂಡರು. ಹಿನ್ನೆಲೆ ಗಾಯಕಿಯಾಗಿ ಅವರ ಹೆಸರು ಯುವಜನರ ಬಾಯಲ್ಲಿ ಓಡಾಡಿದ್ದು ಮಾತ್ರ ಯಾರೂ ನಿರೀಕ್ಷಿಸದ ಕಡೆಯಿಂದ: ನಾಗತಿಹಳ್ಳಿ ಚಂದ್ರಶೇಖರ್ ಅವರ 2001ರ ‘ನನ್ನ ಪ್ರೀತಿಯ ಹುಡುಗಿ’ ಚಿತ್ರಕ್ಕೆ ಮನೋಮೂರ್ತಿ ಅವರ ಸಂಗೀತದಲ್ಲಿ ಹಾಡಿದ ಕಾರಿನ ಹಾಡು. ಐವತ್ತು ದಾಟಿದ ರಂಗನಟಿಯೊಬ್ಬರ ಗಡುಸು ದನಿ ಕಾಲೇಜು ಹುಡುಗರ ವಾರ್ಷಿಕೋತ್ಸವಗಳಿಗೂ ಊರ ಗಣೇಶನ ಪೆಂಡಾಲುಗಳಿಗೂ ಹೀಗೆ ಬಂತು. ಮುಖ ಬೇರೆ, ಕೊರಳು ಬೇರೆ ಎಂಬ ವ್ಯವಸ್ಥೆ ಇಲ್ಲಿ ಒಂದು ಕ್ಷಣ ತಿರುಗುಮುರುಗಾಯಿತು, ಏಕೆಂದರೆ ಆ ಹಾಡನ್ನು ಕೇಳಿದವರು ತೆರೆಯ ಮೇಲಿನ ದೃಶ್ಯಕ್ಕಿಂತ ಹೆಚ್ಚಾಗಿ ಹಾಡಿದವರು ಯಾರೆಂದು ವಿಚಾರಿಸಿದರು.

ಹಾಡನ್ನು ಬರೆಯುವ ವಿಷಯಕ್ಕೆ ಬಂದರೆ ಕನ್ನಡಕ್ಕೂ ಫ್ರೆಂಚಿಗೂ ವ್ಯತ್ಯಾಸ ಎದ್ದು ಕಾಣುತ್ತದೆ. ಫ್ರಾನ್ಸಿನಲ್ಲಿ ಎರಡನೆಯ ಮಹಾಯುದ್ಧದ ನಂತರ, ಮಾತು, ಧಾಟಿ, ಗಾಯನ ಮೂರನ್ನೂ ಒಬ್ಬರೇ ನಿರ್ವಹಿಸುವುದು ಗೌರವದ ಗುರುತಾಯಿತು. ಕರ್ನಾಟಕ ಸಂಗೀತದಲ್ಲಿ ವಾಗ್ಗೇಯಕಾರರಿಗೆ, ಎಂದರೆ ಸಾಹಿತ್ಯ ಮತ್ತು ಸಂಗೀತ ಎರಡನ್ನೂ ತಾವೇ ರಚಿಸಿದವರಿಗೆ, ಸಲ್ಲುವ ಗೌರವಕ್ಕೆ ಇದು ಸಮೀಪವಾದದ್ದು. ಬಾರ್ಬರಾ ಎಂಬ ಹೆಸರಿನಿಂದ ಪ್ರಸಿದ್ಧರಾದ, 1930ರಿಂದ 1997ರವರೆಗೆ ಬಾಳಿದ ಗಾಯಕಿ ಇದಕ್ಕೆ ಒಳ್ಳೆಯ ಉದಾಹರಣೆ. ಮೊದಲು ಬೇರೆಯವರ ಹಾಡುಗಳನ್ನು ಹಾಡುತ್ತಿದ್ದ ಅವರು, ತಾವೇ ಬರೆಯಲು ತೊಡಗಿ ಪಿಯಾನೋ ಮುಂದೆ ಕೂತು ತಮ್ಮ ಹಾಡುಗಳನ್ನೇ ಹಾಡುವವರಾದರು, ಜಾಕ್ ಬ್ರೆಲ್ ನಿರ್ದೇಶಿಸಿದ ‘ಫ್ರಾಂಜ್’ ಚಿತ್ರದಲ್ಲಿ ನಟಿಸಿದರು, 1986ರಲ್ಲಿ ‘ಲಿಲಿ ಪ್ಯಾಶನ್’ ಎಂಬ ಸಂಗೀತ ನಾಟಕವನ್ನು ನಟ ಜೆರಾರ್ ದೆಪಾರ್ದ್ಯು ಅವರೊಂದಿಗೆ ರಂಗಕ್ಕೆ ತಂದರು. ಕನ್ನಡದಲ್ಲಿ ಮಾತಿನ ಅಧಿಕಾರ ಕವಿಯ ಕೈಯಲ್ಲೇ ಉಳಿಯಿತು. ಕಂಪನಿಯ ಕಾಲದಲ್ಲಿ ಶಾಸ್ತ್ರಿಗಳು, ಆಮೇಲೆ ಚಿತ್ರಸಾಹಿತಿಗಳು, ಸುಗಮ ಸಂಗೀತ ಬಂದ ಮೇಲೆ ಬೇಂದ್ರೆ, ಕುವೆಂಪು, ನಿಸಾರ್ ಅಹಮದ್ ಅವರಂಥ ಕವಿಗಳು. ಹಾಡುವವರು ಆ ಮಾತಿಗೆ ದನಿಯಾಗುವವರು. ಇದು ಕನ್ನಡ ಗೀತೆಯ ಸಾಹಿತ್ಯಕ್ಕೆ ಒಂದು ಎತ್ತರವನ್ನು ತಂದುಕೊಟ್ಟಿತು ನಿಜ. ಅದೇ ಹೊತ್ತಿಗೆ, ಹಾಡುವ ಹೆಣ್ಣು ತನ್ನ ಮಾತನ್ನು ತಾನೇ ಬರೆದುಕೊಳ್ಳಬಹುದು ಎಂಬ ನಿರೀಕ್ಷೆಯೇ ಹುಟ್ಟಲಿಲ್ಲ. ಸೋಬಾನೆ ಪದಗಳನ್ನು ಕಟ್ಟಿದ ಹಳ್ಳಿಯ ಹೆಂಗಸರು ಮಾತು, ಧಾಟಿ ಎರಡನ್ನೂ ತಾವೇ ಕಟ್ಟುತ್ತ ಬಂದವರಾದರೂ, ಅವರಿಗೆ ಕವಿಯ ಹೆಸರು ಸಲ್ಲಲಿಲ್ಲ.

ಸಾರ್ವಜನಿಕ ಮನ್ನಣೆ ಜಯಶ್ರೀ ಅವರಿಗೆ ಸಾಕಷ್ಟು ದೊರೆತಿದೆ: 1996ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, ಮೈಸೂರಿನ ರಂಗಾಯಣದ ನಿರ್ದೇಶಕ ಸ್ಥಾನ, 2010ರಲ್ಲಿ ರಾಜ್ಯಸಭೆಗೆ ನಾಮಕರಣ, 2013ರಲ್ಲಿ ಪದ್ಮಶ್ರೀ. ಅವರ ಅಜ್ಜನಿಗೂ 1972ರಲ್ಲಿ ಪದ್ಮಶ್ರೀ ಬಂದಿತ್ತು. ಅದೇ ವರ್ಷ ಅವರು ತೀರಿಕೊಂಡರು.

ಗುಬ್ಬಿ ಕಂಪನಿಯಂಥ ದೊಡ್ಡ ಸಂಸ್ಥೆಗಳು ಹಿಂದೆ ಸರಿದರೂ ಅವು ಬಿತ್ತಿದ ರೂಢಿ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಅಳಿದಿಲ್ಲ. ರಾಗಿಯ ಒಕ್ಕಣೆ ಮುಗಿದು ಜಾತ್ರೆಗಳ ಕಾಲ ಬಂತೆಂದರೆ, ಊರಿನ ಗಂಡಸರು ಕೃಷ್ಣ, ಭೀಮ, ದುರ್ಯೋಧನ, ಶಕುನಿಯ ಪಾತ್ರಗಳನ್ನು ಹಂಚಿಕೊಂಡು, ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತು ಮಾಡಿಕೊಂಡು, ತಿಂಗಳುಗಟ್ಟಲೆ ತಾಲೀಮು ನಡೆಸಿ ‘ಕುರುಕ್ಷೇತ್ರ’ವನ್ನೋ ಮತ್ತೊಂದು ಪೌರಾಣಿಕ ನಾಟಕವನ್ನೋ ಇಡೀ ರಾತ್ರಿ ಆಡುತ್ತಾರೆ, ಚಿಂತಾಮಣಿಯ ಪೂರ್ವದ ಹಳ್ಳಿಗಳಲ್ಲಿ ಅದು ತೆಲುಗಿನಲ್ಲಿ ನಡೆಯುವುದೂ ಉಂಟು. ಸೀನರಿ ಮತ್ತು ಡ್ರೆಸ್ಸು ಬಾಡಿಗೆಗೆ ಬರುತ್ತವೆ. ದ್ರೌಪದಿ, ಸುಭದ್ರೆ, ರುಕ್ಮಿಣಿ, ಉತ್ತರೆಯ ಪಾತ್ರಗಳಿಗೆ ಮಾತ್ರ ಊರಿನ ಹೆಂಗಸರು ಬರುವುದಿಲ್ಲ. ವೃತ್ತಿಯ ನಟಿಯರನ್ನು ಸಂಭಾವನೆ ಕೊಟ್ಟು ಕರೆಸುತ್ತಾರೆ. ತಾಲೀಮಿಗೆ ಬಾರದೆ, ನಾಟಕದ ದಿನವೇ ಬಂದಿಳಿದು, ಮೇಷ್ಟ್ರ ಶ್ರುತಿಯನ್ನೊಮ್ಮೆ ಕೇಳಿಕೊಂಡು, ಪರಿಚಯವಿಲ್ಲದ ಭೀಮನ ಎದುರಿಗೆ ದ್ರೌಪದಿಯಾಗಿ ನಿಲ್ಲುವ ಈ ಕಲಾವಿದೆಯರು ಡಜನ್ನುಗಟ್ಟಲೆ ಪಾತ್ರಗಳ ಮಾತು ಮತ್ತು ಹಾಡುಗಳನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿರಬೇಕು. ಎದುರಿನ ಹವ್ಯಾಸಿ ನಟ ಮಾತು ಮರೆತರೆ ತಮ್ಮ ಮಾತಿನೊಳಗೇ ಅವನ ಮಾತನ್ನು ಎತ್ತಿಕೊಟ್ಟು ನಾಟಕವನ್ನು ದಡ ಮುಟ್ಟಿಸಬೇಕು.

ಈ ಮಧ್ಯೆ ತಂತ್ರಜ್ಞಾನ ಇಲ್ಲಿಗೂ ಕಾಲಿಟ್ಟಿದೆ. ಕಾಲುತಿದಿಯ ಹಾರ್ಮೋನಿಯಮ್ಮಿನ ಜಾಗಕ್ಕೆ ಎಲೆಕ್ಟ್ರಾನಿಕ್ ಕೀಬೋರ್ಡ್ ಬಂದಿದೆ, ರಂಗದ ಮೇಲಿನಿಂದ ಮೈಕುಗಳು ಇಳಿಬಿದ್ದಿವೆ, ಕಂದಪದ್ಯಗಳ ನಡುವೆ ಚಿತ್ರಗೀತೆಯ ಧಾಟಿಗಳು ನುಸುಳಿವೆ. ಇವಕ್ಕೆಲ್ಲ ಒಪ್ಪಿಕೊಂಡ ಪ್ರೇಕ್ಷಕರು, ಧ್ವನಿಮುದ್ರಿತ ಹಾಡಿಗೆ ನಟಿ ತುಟಿ ಆಡಿಸುವುದನ್ನು ಮಾತ್ರ ಒಪ್ಪುವುದಿಲ್ಲ. ನಾಟಕ ಮಾತಾಡಿಕೊಳ್ಳಲು ಕೂತ ಊರಿನ ಮುಖಂಡರು ನಟಿಯ ಬಗ್ಗೆ ಮೊದಲು ಕೇಳುವ ಪ್ರಶ್ನೆ, ಹಾಡು ಹೇಗೆ ಹೇಳುತ್ತಾರೆ ಎಂಬುದೇ. ಸಂಭಾವನೆ ನಿಗದಿಯಾಗುವುದೂ ಅದರ ಮೇಲೆಯೇ.